ಸಣ್ಣ ಟ್ರ್ಯಾಕ್ಟರಿಗೆ ಆಯಿಲ್ ಟೆಂಪರೇಚರ್ ಮೀಟರ್: ಮೀಟರಿಗಿಂತ ಸೆನ್ಸರಿನ ಜಾಗ ಮುಖ್ಯ

ವಿಜಯಪುರ ಭಾಗದ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಚಾಟ್ನಿಯ (ಬಳ್ಳಿ ಕತ್ತರಿಸುವ ಕೆಲಸದ) ಬಿಸಿಲಿಗೆ ನಿಧಾನದ ಗೇರಿನಲ್ಲಿ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಯುವಾಗ ಸಣ್ಣ ಟ್ರ್ಯಾಕ್ಟರಿನ ಎಂಜಿನ್ ಬಿಡುವಿಲ್ಲದೆ ದುಡಿಯುತ್ತದೆ. ಥರ್ಮೋಸ್ಟಾಟ್ ನೀರಿನ ಬಿಸಿಯನ್ನು ಒಂದು ಮಟ್ಟದಲ್ಲಿ ಹಿಡಿದಿಟ್ಟಿರುವಾಗಲೂ ಆಯಿಲಿನ ಬಿಸಿ ಏರುತ್ತಲೇ ಇರಬಹುದಾದ್ದರಿಂದ, ಡ್ಯಾಶ್‌ಬೋರ್ಡಿನ ನೀರಿನ ಮೀಟರೊಂದನ್ನೇ ನಂಬುವಂತಿಲ್ಲ. ಈ ಕಾರಣಕ್ಕಾಗಿ ನಮ್ಮ 24 ಎಚ್‌ಪಿ ಟ್ರ್ಯಾಕ್ಟರಿಗೆ 52 ಮಿ.ಮೀ. ಡಯಲಿನ, 12 ವೋಲ್ಟಿನ, 150 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುವ ಮೀಟರನ್ನು ಕೂಡಿಸಿದೆವು.

ಮೀಟರು ಗಟ್ಟಿಯಾಗಿದೆ, ಬಿಸಿಲಿನಲ್ಲೂ ಅಂಕಿಗಳು ಸ್ಪಷ್ಟವಾಗಿ ಕಾಣುತ್ತವೆ. ಕೂಡಿಸುವ ಮುನ್ನ ಸೆನ್ಸರಿನ ಮೈಗೆ ಅರ್ಥ್ ವೈರ್ ಕೊಟ್ಟು ಕುದಿಯುವ ನೀರಿನಲ್ಲಿ ಅದ್ದಿದಾಗ ಮುಳ್ಳು 95ರ ಆಸುಪಾಸಿನಲ್ಲಿ ನಿಂತಿತು. ಸುಮಾರು 600 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಹತ್ತಿರವಾದ್ದರಿಂದ ಇದು ಒಪ್ಪುವಂಥ ಲೆಕ್ಕ.

ತಕರಾರು ಇರುವುದು ಜೊತೆಗೆ ಬಂದ ಸೂಚನಾ ಪತ್ರದ ಬಗ್ಗೆ. ಆಯಿಲ್ ಪ್ರೆಶರ್ ಸ್ವಿಚ್ಚಿನ ಜಾಗದಲ್ಲಿ ಟಿ-ಜಾಯಿಂಟ್ ಹಾಕಿ ಸೆನ್ಸರನ್ನು ಕೂಡಿಸಬೇಕೆಂದು ಅದು ಹೇಳುತ್ತದೆ. ಆದರೆ ಸೆನ್ಸರಿನದು ಇಂಚಿಗೆ 27 ಸುತ್ತಿನ ಎನ್‌ಪಿಟಿ (ಅಮೆರಿಕನ್ ಮಾದರಿಯ) ಥ್ರೆಡ್, ನಮ್ಮ ಎಂಜಿನ್ನಿನದು 28 ಸುತ್ತಿನ ಬಿಎಸ್‌ಪಿಟಿ (ಬ್ರಿಟಿಷ್ ಮಾದರಿಯದು). ಎರಡೂ 1/8 ಇಂಚಿನ ಅಳತೆಯವೇ ಆದ್ದರಿಂದ ಮೊದಲೆರಡು ಸುತ್ತು ಸಲೀಸಾಗಿ ಹೋಗುತ್ತವೆ, ಬಲವಂತ ಮಾಡಿದರೆ ಎಂಜಿನ್ನಿನ ಥ್ರೆಡ್ಡೇ ಹಾಳಾಗುತ್ತದೆ. ಮೇಲಾಗಿ ಟಿ-ಜಾಯಿಂಟಿನಲ್ಲಿ ಆಯಿಲ್ ಹರಿಯದೆ ನಿಲ್ಲುವುದರಿಂದ ಮೀಟರು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನಾವು ಲೇತ್‌ನಲ್ಲಿ ಆಯಿಲ್ ಇಳಿಸುವ ಇನ್ನೊಂದು ಡ್ರೈನ್ ಬೋಲ್ಟಿಗೆ ತೂತು ಕೊರೆಸಿ, ಥ್ರೆಡ್ ಹೊಡೆಸಿ, ಸೆನ್ಸರನ್ನು ಆಯಿಲ್ ಚೇಂಬರಿಗೇ ಕೂಡಿಸಿದೆವು. ಕಲ್ಲು, ಹೆಂಟೆ ತಾಗದಂತೆ ಕೆಳಗೊಂದು ತಗಡನ್ನೂ ಕಟ್ಟಿದೆವು.

ಒಂಟಿ ವೈರಿನ ಸೆನ್ಸರಿಗೆ ಟೆಫ್ಲಾನ್ ಟೇಪ್ ಸುತ್ತಬಾರದು. ಅದಕ್ಕೆ ಅರ್ಥ್ ಸಿಗುವುದು ಥ್ರೆಡ್ಡಿನ ಮೂಲಕ. ಬಿಸಿ ಏರಿದಂತೆ ಈ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ; ಟೇಪಿನಿಂದ ಅರ್ಥ್ ದುರ್ಬಲವಾದರೆ ರೆಸಿಸ್ಟೆನ್ಸ್ ಹೆಚ್ಚಿ, ಕಾದ ಆಯಿಲನ್ನೂ ಮೀಟರು ತಣ್ಣಗಿದೆಯೆಂದು ತೋರಿಸುತ್ತದೆ, ಇದು ಮೀಟರೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಮೀಟರಿನ ಕರೆಂಟನ್ನು ಇಗ್ನಿಷನ್ ಸ್ವಿಚ್ಚಿನಿಂದ, ನಡುವೆ ಫ್ಯೂಸ್ ಹಾಕಿಯೇ ಪಡೆಯಬೇಕು.

ಈಗ ಔಷಧಿ ಸಿಂಪಡಿಸುವ ಬ್ಲೋವರ್ ನಡೆಸುವಾಗ ಮುಳ್ಳು 95ರಿಂದ 100ರ ನಡುವೆ ಇರುತ್ತದೆ. ರೋಟವೇಟರ್ ಕೆಲಸದಲ್ಲಿ ಒಮ್ಮೆ 115 ದಾಟಿದಾಗಲೂ ನೀರಿನ ಮೀಟರು ನಡುವಿನಲ್ಲೇ ಇತ್ತು. ರೇಡಿಯೇಟರಿನ ಜಾಲರಿಗೆ ಅಂಟಿದ್ದ ಒಣ ಎಲೆ ಮತ್ತು ಧೂಳನ್ನು ತೆಗೆದ ಬಳಿಕ ಅದೇ ಹೊಲದಲ್ಲಿ 105ಕ್ಕೆ ಇಳಿಯಿತು.