ನೀಸ್ ಅಥವಾ ಬಾರ್ಸಿಲೋನಾ: ಕಲ್ಲೋ, ಮರಳೋ?

ಕೈಯಲ್ಲಿರುವುದು ನಾಲ್ಕೇ ದಿನ ಎಂದಾದರೆ ಮೊದಲು ದಡವನ್ನು ನೋಡಿ. ಫ್ರಾನ್ಸಿನ ನೀಸ್‌ನಲ್ಲಿ ಮರಳಿಲ್ಲ, ಬರೀ ನುಣುಪಾದ ಉರುಟುಗಲ್ಲು. ಬರಿಗಾಲಿನಲ್ಲಿ ನೀರಿಗಿಳಿಯುವವರು ಕಾದ ಹೆಂಚಿನ ಮೇಲೆ ಕಾಲಿಟ್ಟವರಂತೆ ಕುಣಿಯುತ್ತಾರೆ. ಅಲೆ ಹಿಂದೆ ಸರಿದಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿ ಗಳಗಳ ಸದ್ದು ಮಾಡುತ್ತವೆ. ಆ ಸದ್ದಿಗಾಗಿಯೇ ಅಲ್ಲಿ ಗಂಟೆಗಟ್ಟಲೆ ಕೂರಬಹುದು. ಆದರೆ ದಡದಿಂದ ನಾಲ್ಕು ಹೆಜ್ಜೆ ಹೋದರೆ ನೀರು ಆಳ, ಮಕ್ಕಳಿದ್ದವರಿಗೆ ನೆಮ್ಮದಿಯಿಲ್ಲ.

ಸ್ಪೇನಿನ ಬಾರ್ಸಿಲೋನಾದಲ್ಲಿ ಮರಳಿದೆ. 1992ರ ಒಲಿಂಪಿಕ್ಸ್‌ಗಾಗಿ ಕಾರ್ಖಾನೆಗಳ ದಡವನ್ನು ತೆರವು ಮಾಡಿ ರೂಪಿಸಿದ ಕಡಲತೀರಗಳಿವು. ಮೆಟ್ರೊ ಹತ್ತಿರದವರೆಗೂ ಬರುತ್ತದೆ. 1882ರಲ್ಲಿ ಆರಂಭವಾದ ಸಗ್ರಾದಾ ಫಮಿಲಿಯಾ ಚರ್ಚಿಗೆ ಮಾತ್ರ ಮುಂಚೆಯೇ ಟಿಕೆಟ್ ತೆಗೆದಿಡಿ. ರಾಂಬ್ಲಾ ಬೀದಿಯ ಜೇಬುಗಳ್ಳರು ಜಗತ್ಪ್ರಸಿದ್ಧರು. ಪಾಸ್‌ಪೋರ್ಟನ್ನು ಹಿಂದಿನ ಜೇಬಿನಲ್ಲಿಟ್ಟರೆ ಅದು ನಿಮ್ಮದಲ್ಲ ಎಂದುಕೊಳ್ಳಿ.

ಸಸ್ಯಾಹಾರಿಗಳಿಗೆ ನನ್ನ ಮತ ನೀಸ್‌ಗೆ. ಹಳೇ ಪೇಟೆಯಲ್ಲಿ ‘ಸೊಕ್ಕಾ’ ಸಿಗುತ್ತದೆ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಗಲವಾದ ತಾಮ್ರದ ತಟ್ಟೆಯಲ್ಲಿ ಹುಯ್ದು ಬಿಸಿ ಒಲೆಯೊಳಗೆ ತಳ್ಳಿ ಬೇಯಿಸಿ, ಚೂರು ಮಾಡಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ನಮ್ಮ ದೋಸೆಯ ದೂರದ ನೆಂಟ. ಬಾರ್ಸಿಲೋನಾದಲ್ಲಿ ಟೊಮೆಟೊ ಉಜ್ಜಿದ ಬ್ರೆಡ್ಡಿದೆ, ರುಚಿಯೇ. ಮೂರನೆಯ ದಿನಕ್ಕೆ ಸಾಕೆನಿಸುತ್ತದೆ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಎರಡಕ್ಕೂ ಒಂದೇ. ಆಗಸ್ಟ್ ಮಾತ್ರ ಬೇಡ. ಸೆಪ್ಟೆಂಬರಿನಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ. ವಯಸ್ಸಾದ ತಂದೆತಾಯಿಯ ಜೊತೆಯಾದರೆ ನೀಸ್, ಗೆಳೆಯರ ಗುಂಪಾದರೆ ಬಾರ್ಸಿಲೋನಾ.