ಮಳೆಗಾಲದಲ್ಲಿ ಕ್ಯಾಂಪಿಂಗ್‌ಗೆ ಹೋಗುವವರೇ, ಟೆಂಟ್ ಒಳಗೆ ಕೆಂಡ ಇಡಲು ಬಿಡಬೇಡಿ

ಮಕ್ಕಳನ್ನು ಕರೆದುಕೊಂಡು ಹಿನ್ನೀರಿನ ದಡದಲ್ಲಿ ಟೆಂಟ್‌ನಲ್ಲಿ ಉಳಿಯುವ ಯೋಚನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಾರ್ಬೆಕ್ಯೂ ಒಲೆಯಾಗಲಿ, ಅಗ್ಗಿಷ್ಟಿಕೆಯಾಗಲಿ, ಬಾಣಲೆಯಲ್ಲಿ ತಂದ ಕೆಂಡವಾಗಲಿ, ಯಾವುದೂ ಟೆಂಟ್ ಒಳಗೆ ಬರಬಾರದು. ಕ್ಯಾಂಪಿನವರೇ ತಂದಿಟ್ಟರೂ ಆಚೆ ಇಡಿಸಿ. ನಮ್ಮ ಜೊತೆ ಬಂದಿದ್ದ ಗೆಳೆಯನ ಮಗಳು ಮತ್ತು ಅವನ ಅಮ್ಮ ಇದರಿಂದ ಸಾಯುವುದರಲ್ಲಿದ್ದರು.

ನಾವು ಮೂರು ಮನೆಯವರು ಹೋಗಿದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಲಿಂಗನಮಕ್ಕಿ ಹಿನ್ನೀರಿಗೆ. ಶರಾವತಿಗೆ 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು ಅದು. ಜೂನ್ ಹೊತ್ತಿಗೆ ತಳ ಕಂಡು, ಮಳೆ ಹಿಡಿದರೆ ಅಡಿಗಟ್ಟಲೆ ಏರುತ್ತದೆ. ದಡ ಬಹಳ ಕಡೆ ಸಪಾಟು, ಹಾಗಾಗಿ ನೀರು ಒಂದಡಿ ಏರಿದರೆ ನೆಲದ ಮೇಲೆ ಎಷ್ಟೋ ಮಾರು ಮುಂದೆ ಬಂದುಬಿಡುತ್ತದೆ. ಹೂಳು ಮಣ್ಣಿನಲ್ಲಿ ಟೆಂಟಿನ ಗೂಟ ನಿಲ್ಲುವುದೂ ಇಲ್ಲ. ಫೋಟೋ ಚೆನ್ನಾಗಿ ಬರಲಿ ಎಂದು ಅಂಥ ಜಾಗದಲ್ಲೇ ಟೆಂಟ್ ಹಾಕಿಟ್ಟಿದ್ದರು. ಸಂಜೆ ಮಳೆ ಜೋರಾಯಿತು. ಕೆಳಗಿನ ಟೆಂಟ್‌ಗಳ ಬುಡಕ್ಕೆ ನೀರು ಬಂತು. ಕ್ಯಾಂಪಿನ ಹುಡುಗರು ನಮ್ಮನ್ನೆಲ್ಲ ಮೇಲಿದ್ದ ಒಂದೇ ದೊಡ್ಡ ಟೆಂಟಿಗೆ ಸೇರಿಸಿದರು.

ಮಕ್ಕಳ ಬಟ್ಟೆ ಪೂರ್ತಿ ಒದ್ದೆ, ಹಲ್ಲು ಕಟಕಟ ಅನ್ನುತ್ತಿತ್ತು. ಅದನ್ನು ನೋಡಿ ಒಬ್ಬ ಹುಡುಗ ಬಾರ್ಬೆಕ್ಯೂ ಒಲೆಯ ಇದ್ದಿಲ ಕೆಂಡವನ್ನು ಕಬ್ಬಿಣದ ಬಾಣಲೆಗೆ ಸುರಿದು ಟೆಂಟ್ ನಡುವೆ ತಂದಿಟ್ಟ. ನನ್ನ ಹೆಂಡತಿ ಕೇಳಿದಳು, ಒಳಗೆ ಇದೆಲ್ಲ ಯಾಕೆ ಎಂದು. "ಹೊಗೆ ಇಲ್ಲ ಮೇಡಂ, ಬರೀ ಕೆಂಡ. ಮಳೆಗಾಲ ಪೂರ್ತಿ ಹೀಗೇ ಇಡ್ತೀವಿ" ಅಂದ. ಇರಚಲು ಹೊಡೆಯುತ್ತಿತ್ತು, ಜಿಪ್ ಎಳೆದು ಹೋದ.

ಈ "ಹೊಗೆ ಇಲ್ಲ" ಅನ್ನುವ ಮಾತೇ ಜನರನ್ನು ಕೊಲ್ಲುವುದು. ಹೊಗೆ ಇದ್ದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ನಾವೇ ಎದ್ದು ಆಚೆ ಓಡುತ್ತೇವೆ. ಕೆಂಪಗೆ ಹೊಳೆಯುವ ಇದ್ದಿಲು, ಮೇಲೆ ಬೂದಿ ಕಟ್ಟಿ ಆರುತ್ತಿರುವ ಕೆಂಡ ಕೂಡ, ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಸತ್ತವರ ಸುದ್ದಿ ಓದಿರುತ್ತೀರಿ, ಅಲ್ಲೂ ಇದೇ ವಿಷ.

ಮೊದಲು ಗೆಳೆಯನ ಮಗಳು ತಲೆನೋವು ಅಂದಳು, ಆಮೇಲೆ ವಾಂತಿ. ಘಟ್ಟದ ತಿರುವು, ಮಧ್ಯಾಹ್ನದ ಊಟ, ನೆಂದಿದ್ದು ಎಂದು ತಲೆಗೊಂದು ಕಾರಣ ಬಂತು. ಗೆಳೆಯನ ಅಮ್ಮ "ಏನೋ ಒಂಥರಾ ಆಗ್ತಿದೆ ಕಣೋ, ಕಾಲಲ್ಲಿ ಶಕ್ತಿನೇ ಇಲ್ಲ" ಎಂದು ಅಲ್ಲೇ ಒರಗಿದರು. ನಮಗೂ ತಲೆ ಭಾರವಾಗಿತ್ತು. ಯಾರೋ ಬ್ಯಾಗಿನಿಂದ ಕೊರೊನಾ ಕಾಲದ ಆಕ್ಸಿಮೀಟರ್ ತೆಗೆದು ಮಗುವಿನ ಬೆರಳಿಗೆ ಹಾಕಿದರು. 98 ತೋರಿಸಿತು. ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಆ ಹಸಿರು ಅಂಕಿ ಈಗಲೂ ಕಣ್ಣ ಮುಂದಿದೆ, ಏಕೆಂದರೆ ಅದು ಶುದ್ಧ ಸುಳ್ಳು. ಬೆರಳಿಗೆ ಹಾಕುವ ಈ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ ಕೆಂಪೇ. ಇದನ್ನು ಹೇಳಿದ್ದು ಆಮೇಲೆ ಆಸ್ಪತ್ರೆಯ ಡಾಕ್ಟರು.

ನಮ್ಮನ್ನು ಉಳಿಸಿದ್ದು ಗೆಳೆಯನ ಹೆಂಡತಿ. ಮಗಳಿಗೆ ವಾಂತಿ ಮಾಡಿಸಲು ಮಳೆಯಲ್ಲೇ ಆಚೆ ಕರೆದುಕೊಂಡು ಹೋಗಿ ನಿಂತಿದ್ದರು, ಇಬ್ಬರಿಗೂ ಸ್ವಲ್ಪ ಹೊತ್ತಿಗೆ ಹಗುರವಾಯಿತು. ಒಳಗೆ ಬಂದ ಕೂಡಲೇ ಮತ್ತೆ ತಲೆ ಸುತ್ತು. ಅವರು ಬಾಣಲೆಯ ಕಡೆ ನೋಡಿ ಒಮ್ಮೆಲೇ ಕೂಗಿದರು: "ಎಲ್ಲರೂ ಹೊರಗೆ ಬನ್ನಿ, ಅಮ್ಮನ್ನ ಎತ್ಕೊಳ್ಳಿ!" ಗೆಳೆಯನ ಅಮ್ಮನಿಗೆ ಆಗಲೇ ಪ್ರಜ್ಞೆ ಸರಿಯಿರಲಿಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ, 108ಕ್ಕೆ ಕರೆ ಹೋಗುತ್ತಿಲ್ಲ, ಕಾರಿನ ಚಕ್ರ ಕೆಸರಲ್ಲಿ. ತಳ್ಳಿ, ಕಿಟಕಿ ಇಳಿಸಿಕೊಂಡೇ ಊರಿಗೆ ಬಂದೆವು.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಬರೀ ಗಾಳಿಯಲ್ಲಿದ್ದರೆ ರಕ್ತದೊಳಗಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕದಲ್ಲಿ ಒಂದು, ಒಂದೂವರೆ ಗಂಟೆ ಸಾಕು. ಇಬ್ಬರೂ ಚೇತರಿಸಿಕೊಂಡರು. ಆದರೂ ಮರೆವು, ನಡಿಗೆಯಲ್ಲಿ ತೂರಾಟ, ಸ್ವಭಾವದಲ್ಲಿ ಬದಲಾವಣೆ ವಾರಗಳ ನಂತರವೂ ಕಾಣಿಸಿಕೊಳ್ಳಬಹುದು, ಗಮನಿಸುತ್ತಿರಿ ಎಂದು ಹೇಳಿ ಕಳಿಸಿದರು.

ಇದನ್ನು ಹೇಳಿದಾಗ ನಮ್ಮ ಊರಿನ ಹಿರಿಯರೊಬ್ಬರು ಕೇಳಿದರು: ಬಾಣಂತಿ ಕೋಣೆಯಲ್ಲಿ ನಾವು ಅಗ್ಗಿಷ್ಟಿಕೆ ಇಡ್ತಿರಲಿಲ್ವಾ, ಏನಾಗಿತ್ತು? ಹಂಚಿನ ಮನೆ ಅದು, ಹಂಚಿನ ಸಂದಿಯಲ್ಲಿ ರಾತ್ರಿಯೆಲ್ಲ ಗಾಳಿ ಆಡುತ್ತಿತ್ತು. ಮಳೆಗೆ ನೆಂದು ನೆಲಕ್ಕೆ ಅಂಟಿಕೊಂಡ ಟೆಂಟಿನಲ್ಲಿ ಗಾಳಿಗೆ ದಾರಿಯೇ ಇಲ್ಲ. ಈಗಿನ ಆರ್‌ಸಿಸಿ ಮನೆಯ ಮುಚ್ಚಿದ ಕೋಣೆಯಲ್ಲೂ ಅಗ್ಗಿಷ್ಟಿಕೆ ಬೇಡ. ಜಿಪ್ ಸ್ವಲ್ಪ ತೆರೆದಿಟ್ಟರೆ ಸಾಕು ಅಂತಲೂ ನಂಬಬೇಡಿ, ಸಾಲುವುದಿಲ್ಲ.

ಕ್ಯಾಂಪಿನ ಮಾಲೀಕರಿಗೆ ಫೋನ್ ಮಾಡಿದರೆ ಬಾಡಿಗೆ ವಾಪಸ್ ಕೊಡುತ್ತೇನೆ ಅಂದರು. ಕೆಂಡ ಇಡುವುದನ್ನು ನಿಲ್ಲಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೆ. ಆ ಹುಡುಗನ ಮೇಲೆ ಸಿಟ್ಟಿಲ್ಲ, ಪಾಪ, ಮಕ್ಕಳು ನಡುಗುವುದನ್ನು ನೋಡಲಾಗದೆ ತಂದಿಟ್ಟ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನೂ ಮಳೆ ಬಂದಾಗ ಹಾಗೆಯೇ ಕೆಂಡ ಇಟ್ಟುಕೊಂಡು ಮಲಗುತ್ತಾನಂತೆ.

ಬುಕ್ ಮಾಡುವಾಗ ಮೊದಲು ಕೇಳಬೇಕಾದ್ದು ಊಟದ ವಿಷಯವಲ್ಲ. ಮಳೆ ಬಂದರೆ ನಮ್ಮನ್ನು ಎಲ್ಲಿ ಕೂರಿಸುತ್ತೀರಿ, ಸುತ್ತ ಗೋಡೆಯಿಲ್ಲದ ಶೆಡ್ ಇದೆಯಾ, ಹೆಂಚು ಅಥವಾ ಕಾಂಕ್ರೀಟಿನ ಕೋಣೆ ಇದೆಯಾ ಎಂದು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಹೋಗಬೇಡಿ. ಬೆಚ್ಚಗಿರಲು ಒಣ ಬಟ್ಟೆ, ಉಣ್ಣೆ ಟೋಪಿ, ಹೊದಿಕೆ, ಫ್ಲಾಸ್ಕಿನಲ್ಲಿ ಬಿಸಿನೀರು ಸಾಕು. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಲ್ಲಿ ಸಿಗುತ್ತದೆ, ನಾನೀಗ ತರಿಸಿದ್ದೇನೆ.

ಒಂದೇ ಟೆಂಟಿನಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ, ಎಷ್ಟೇ ಮಳೆಯಿರಲಿ, ಮಕ್ಕಳು, ವಯಸ್ಸಾದವರು, ಗರ್ಭಿಣಿಯರನ್ನು ಮೊದಲು ಹೊರಗೆ ತನ್ನಿ. ಆಸ್ಪತ್ರೆಯಲ್ಲಿ ಬರೀ "ವಾಂತಿ, ತಲೆಸುತ್ತು" ಅನ್ನಬೇಡಿ. ಒಳಗೆ ಇದ್ದಿಲ ಕೆಂಡ ಇತ್ತು, ಇಷ್ಟು ಹೊತ್ತು ಇತ್ತು ಎಂದು ಬಾಯಿಬಿಟ್ಟು ಹೇಳಿ. ಆಗ ಡಾಕ್ಟರು ಆಕ್ಸಿಮೀಟರಿನ ಅಂಕಿ ನೋಡಿ ಮನೆಗೆ ಕಳಿಸುವುದಿಲ್ಲ.