ಲಕ್ಕಿ ಡ್ರಾಗೆ ರ‍್ಯಾಂಡಮ್ ಡಾಟ್ ಆರ್ಗ್: ಸಂಖ್ಯೆ ನಂಬಬಹುದು, ಸ್ಕ್ರೀನ್‌ಶಾಟ್ ನಂಬಬೇಡಿ

ಸಂಘದ ಲಕ್ಕಿ ಡ್ರಾ, ಅಪಾರ್ಟ್‌ಮೆಂಟಿನ ತಂಬೋಲಾ ಇಂಥವಕ್ಕೆ ರ‍್ಯಾಂಡಮ್ ಡಾಟ್ ಆರ್ಗ್ ಚೆನ್ನಾಗಿ ಒದಗುತ್ತದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮ್ಯಾಡ್ಸ್ ಹಾರ್ 1998ರಲ್ಲಿ ಶುರುಮಾಡಿದ ಈ ತಾಣ, ರೇಡಿಯೊಗೆ ಸಿಗುವ ವಾತಾವರಣದ ಗದ್ದಲದಿಂದ ಸಂಖ್ಯೆಗಳನ್ನು ತೆಗೆಯುತ್ತದೆ. ಮಾಮೂಲಿ ಪ್ರೋಗ್ರಾಮ್‌ಗಳು ‘ಸೀಡ್’ ಎಂಬ ಒಂದು ಆರಂಭದ ಸಂಖ್ಯೆಯಿಂದ ಲೆಕ್ಕ ಹಾಕಿ ಉಳಿದದ್ದನ್ನೆಲ್ಲ ಹುಟ್ಟಿಸುತ್ತವೆ. 1999ರಲ್ಲಿ ಒಂದು ಆನ್‌ಲೈನ್ ಪೋಕರ್ ತಂತ್ರಾಂಶ ಬಯಲಾದದ್ದು ಇದರಿಂದಲೇ. ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳೇ ಅದರ ಸೀಡ್, ಅಂದರೆ ದಿನಕ್ಕೆ ಬರೀ 8 ಕೋಟಿ 64 ಲಕ್ಷ ಸಾಧ್ಯತೆ. 52 ಇಸ್ಪೀಟ್ ಎಲೆಗಳನ್ನು ಜೋಡಿಸುವ ಬಗೆಗಳೋ, 68 ಅಂಕಿಯ ಸಂಖ್ಯೆಯಷ್ಟಿವೆ! ಸಂಶೋಧಕರು ಸರ್ವರ್ ಗಡಿಯಾರಕ್ಕೆ ತಮ್ಮದನ್ನು ಹೊಂದಿಸಿ, ಐದು ಎಲೆ ಕಂಡ ಕೂಡಲೇ ಉಳಿದವನ್ನು ಹೇಳಬಲ್ಲವರಾದರು.

ತಂಬೋಲಾಗೆ ಈ ತಾಣದ ‘ಇಂಟಿಜರ್ ಜನರೇಟರ್’ ತೆರೆಯಬೇಡಿ. ಅದರಲ್ಲಿ ಪ್ರತಿ ಸಂಖ್ಯೆಯೂ ಸ್ವತಂತ್ರ, ಹಾಗಾಗಿ ಬಂದದ್ದೇ ಮತ್ತೆ ಬರಬಹುದು. ‘ಸೀಕ್ವೆನ್ಸ್ ಜನರೇಟರ್’ನಲ್ಲಿ 1 ಮತ್ತು 90 ಕೊಟ್ಟರೆ 90 ಸಂಖ್ಯೆಗಳೂ ಒಂದೊಂದೇ ಸಲ ಬರುತ್ತವೆ. ಹೆಸರುಗಳಿಗಾದರೆ ‘ಲಿಸ್ಟ್ ರ‍್ಯಾಂಡಮೈಜರ್’, ಸಾಲಿಗೊಂದು ಹೆಸರು. ಉಚಿತ ಕೋಟಾ 10 ಲಕ್ಷ ಬಿಟ್ (ದತ್ತಾಂಶದ ಅಳತೆ), ಐಪಿ ವಿಳಾಸಕ್ಕೆ, ಅಂದರೆ ಇಂಟರ್ನೆಟ್ ಸಂಪರ್ಕಕ್ಕೆ ಲೆಕ್ಕ. ಒಂದೇ ವೈಫೈಯಲ್ಲಿ ಬೇರೆಯವರು ಖಾಲಿ ಮಾಡಿದ್ದರೆ ಬೆಳಗ್ಗೆ 5:30ರ ನಂತರ ಮತ್ತೆ ಒಂದಿಷ್ಟು ಸೇರುತ್ತದೆ.

ನಿಜವಾದ ಕೊರತೆ ಬೇರೆ ಇದೆ. ಬೇಕಾದವರ ಹೆಸರು ಬರುವ ತನಕ ಬಟನ್ ಒತ್ತಿ, ಕೊನೆಯ ಸ್ಕ್ರೀನ್‌ಶಾಟ್ ಮಾತ್ರ ಗ್ರೂಪಿಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ತಾಣದಲ್ಲೇ ಮದ್ದಿದೆ, ಆದರೆ ‘ಅಡ್ವಾನ್ಸ್ಡ್ ಮೋಡ್’ ಒಳಗೆ ಅಡಗಿ ಕೂತಿದೆ. ಇಷ್ಟು ಮುಖ್ಯವಾದದ್ದು ಮೊದಲ ಪುಟದಲ್ಲೇ ಇರಬೇಕಿತ್ತು. ಸೀಕ್ವೆನ್ಸ್ ಜನರೇಟರ್‌ನಲ್ಲಿ ಆ ಮೋಡ್‌ಗೆ ಹೋಗಿ, ‘ಪ್ರಿಜನರೇಟೆಡ್’ ಆಯ್ಕೆಗೆ ಒಂದು ದಿನಾಂಕ ಕೊಡಿ. ಅದೇ ದಿನಾಂಕ, ಅದೇ ಮೊದಲ ಮತ್ತು ಕೊನೆಯ ಸಂಖ್ಯೆ ಕೊಟ್ಟ ಯಾರಿಗಾದರೂ ಅದೇ ಸಾಲು ಬರುತ್ತದೆ. ಎಷ್ಟು ಸಲ ಒತ್ತಿದರೂ ಬದಲಾಗದು.

ದಿನಾಂಕ ಮಾತ್ರ, ನೀವು ಅದನ್ನು ಗೊತ್ತುಮಾಡುವಾಗ, ಇನ್ನೂ ಬಾರದ್ದಾಗಿರಬೇಕು. ಕಳೆದುಹೋದ ದಿನಾಂಕವಾದರೆ ಫಲಿತಾಂಶ ಮೊದಲೇ ನೋಡಿಕೊಂಡು ಪಟ್ಟಿ ಹೊಂದಿಸಬಹುದು. ಆದ್ದರಿಂದ ಕ್ರಮಸಂಖ್ಯೆ ಹಾಕಿದ ಪಟ್ಟಿ, ಡ್ರಾ ದಿನಾಂಕ, ಸಾಲಿನ ಎಷ್ಟನೆಯ ಸಂಖ್ಯೆಗೆ ಯಾವ ಬಹುಮಾನ ಎಂಬುದು, ಮೂರನ್ನೂ ಹಿಂದಿನ ದಿನವೇ ಗ್ರೂಪಿಗೆ ಹಾಕಿ. ಆಮೇಲೆ ಒಂದು ಹೆಸರನ್ನೂ ಸೇರಿಸಬೇಡಿ. ಬೈಕು, ಬಂಗಾರದಂಥ ಬಹುಮಾನವಿದ್ದರೆ ದುಡ್ಡು ಕೊಟ್ಟು ತಾಣದಿಂದಲೇ ‘ಥರ್ಡ್ ಪಾರ್ಟಿ ಡ್ರಾ’ ಮಾಡಿಸುವುದೇ ಸರಿ, ಅದರ ದಾಖಲೆ ತಾಣದಲ್ಲೇ ಉಳಿಯುತ್ತದೆ.